ಹುಣಸೆ ಮರದಲ್ಲಿ ಉಳಿದ ಹಗ್ಗ

ಶಾಂತಮೂರ್ತಿ ಯಾರ ಮನೆಗೆ ಹೋದರೂ ಮೊದಲು ಮೇಲೆ ನೋಡುತ್ತಿದ್ದ. ಬಾಗಿಲಲ್ಲಿ ನಿಂತವರನ್ನು ಮಾತಾಡಿಸುವುದು ಆಮೇಲೆ. ಸೂರಿನ ಮೇಲೆ ಯಾವ ತಂತಿ ಹೋಗಿದೆ, ಕಂಬ ಎಷ್ಟು ದೂರ, ಮರದ ಯಾವ ಕೊಂಬೆ ಒಣಗಿದೆ, ಇಷ್ಟನ್ನೂ ನೋಡಿಯೇ ಚಪ್ಪಲಿ ಬಿಡುತ್ತಿದ್ದ. ನಮ್ಮ ಕೇರಿಯವರು ಅವನಿಗೆ ಮ್ಯಾಲ್ನೋಟದ ಮೂರ್ತಿ ಎಂದು ಹೆಸರಿಟ್ಟಿದ್ದರು.

“ಏನಣ್ಣೋ, ಮಳೆ ಬತ್ತದಾ?” ಎಂದು ನನ್ನ ಹೆಂಡತಿ ಪ್ರೇಮಾ ಕಿಚಾಯಿಸುತ್ತಿದ್ದಳು.

“ಮಳೆ ಬಂದ್ರೆ ನೆನೀತೀಯ ಕಣವ್ವ. ಕರೆಂಟು ಬಂದ್ರೆ ಏನಾಯ್ತೀಯ, ಅದ ಯೋಳು,” ಎನ್ನುತ್ತಿದ್ದ ಅವನು.

ಕೊಳ್ಳೇಗಾಲದ ಬಸ್ ನಿಲ್ದಾಣದ ಹಿಂದಿನ ಓಣಿಯಲ್ಲಿ ಅವನ ಅಂಗಡಿ. ಸುಟ್ಟ ಪಂಪ್ ಮೋಟರು ಬಿಚ್ಚಿ ಹೊಸ ತಾಮ್ರದ ತಂತಿ ಸುತ್ತಿ ಕೊಡುವ ಕೆಲಸ. ಹನೂರು ಕಡೆಯ ಬೋರ್‌ವೆಲ್ ಮೋಟರೂ ಬರುತ್ತಿತ್ತು, ಯಳಂದೂರು ಕಡೆಯ ಗದ್ದೆಯ ಮೋಟರೂ ಬರುತ್ತಿತ್ತು. ನಾನು ಕುಂತೂರು ಫ್ಯಾಕ್ಟರಿಗೆ ಕಬ್ಬು ಹೊಡೆಯುವ ಟ್ರ್ಯಾಕ್ಟರ್ ಡ್ರೈವರ್. ಖಾಲಿ ಟ್ರೇಲರಿನಲ್ಲಿ ಅವನ ಮೋಟರು ಹೇರಿಕೊಂಡು ಹೋಗಿ ಹೋಗಿಯೇ ನಾವು ಸ್ನೇಹಿತರಾದದ್ದು.

ಅವನಿಗೊಬ್ಬ ತಮ್ಮನಿದ್ದ, ಮಾದು. ಊರುಗಳಿಗೆ ಟಿವಿ ಹೊಸದಾಗಿ ಬಂದ ಕಾಲ. ಉದ್ದನೆಯ ಕಬ್ಬಿಣದ ಪೈಪಿನ ತುದಿಗೆ ಆಂಟೆನಾ ಕಟ್ಟಿಕೊಂಡು ಮಾದು ತಾರಸಿ ಹತ್ತಿದ್ದಾನೆ. ಶಾಂತಮೂರ್ತಿ ಒಳಗೆ ಟಿವಿ ಮುಂದೆ ಕೂತಿದ್ದಾನೆ. “ಬಂತಾ?” ಎಂದು ಮೇಲಿನಿಂದ ಕೂಗು. “ಇನ್ನೊಸಿ ತಿರುಗ್ಸು,” ಎಂದು ಇವನು. ತಿರುಗಿಸಿದ. ಪೈಪು ವಾಲಿತು, ಮನೆಯ ಹಿಂದೆ ಹಾದುಹೋಗಿದ್ದ ದೊಡ್ಡ ಕರೆಂಟು ಲೈನಿಗೆ ತಗುಲಿತು. ಟಿವಿ ಪಟ್ಟೆಂದು ಆರಿತು. ಮಾದುವಿಗೆ ಹದಿನೇಳು ವರ್ಷ.

ಆಮೇಲೆ ಎಷ್ಟೋ ವರ್ಷ ಕಳೆದ ಮೇಲೆ, ತಲೆಯಲ್ಲಿ ಬಿಳಿ ಕೂದಲು ಬಂದ ಮೇಲೆ, ಶಾಂತಮೂರ್ತಿ ಸರ್ಕಾರದ ಪರೀಕ್ಷೆ ಬರೆದು ಹ್ಯಾಮ್ ರೇಡಿಯೊ ಲೈಸೆನ್ಸ್ ತಂದ. ಮೊಬೈಲು ಬೇಡ, ಟವರು ಬೇಡ. ಟಿಫಿನ್ ಡಬ್ಬಿಯಷ್ಟು ಒಂದು ಸೆಟ್ಟು, ಒಂದು ಬ್ಯಾಟರಿ, ಅರವತ್ತೈದು ಅಡಿ ತಂತಿ ಇದ್ದರೆ ಮೈಸೂರಿನವರ ಜೊತೆಯೋ ಮಂಗಳೂರಿನವರ ಜೊತೆಯೋ ಮಾತಾಡುತ್ತಿದ್ದ. ತಂತಿಯನ್ನು ಸುರುಳಿ ಸುತ್ತಿ, ನೈಲಾನ್ ಹಗ್ಗ ಮತ್ತು ಮರಳು ತುಂಬಿದ ಒಂದು ಸಣ್ಣ ಬಟ್ಟೆ ಗಂಟಿನ ಜೊತೆ ಚೀಲದಲ್ಲಿಟ್ಟುಕೊಂಡೇ ತಿರುಗುತ್ತಿದ್ದ. ಗಂಟನ್ನು ಹಕ್ಕಿ ಹೊಡೆಯುವ ಕವಣೆಯಲ್ಲಿಟ್ಟು ಬೀಸಿದರೆ ಹಗ್ಗ ಕೊಂಬೆ ದಾಟಿ ಬೀಳುತ್ತಿತ್ತು. ಆಮೇಲೆ ಹಗ್ಗ ಎಳೆದು ತಂತಿ ಏರಿಸುತ್ತಿದ್ದ. ಕಲ್ಲು ಕಟ್ಟುತ್ತಿರಲಿಲ್ಲ. ಕೆಳಗೆ ಯಾರ ತಲೆಯಿದೆಯೋ ಎನ್ನುತ್ತಿದ್ದ.

ನಾನೊಮ್ಮೆ ಕೇಳಿದ್ದೆ. “ನಿನ್ ತಮ್ಮನ್ನ ನುಂಗಿದ್ದು ಆಂಟೆನಾ. ಅದ್ನೇ ಯಾಕ್ಲಾ ಬೆನ್ಮೇಲೆ ಒತ್ಕಂಡು ತಿರುಗ್ತೀಯ?”

“ಕಟ್ಟೋದು ಎಂಗೆ ಅಂತ ಆವತ್ತು ಗೊತ್ತಿರ್ನಿಲ್ಲ,” ಎಂದ. ಅಷ್ಟೇ.

ಮೂರು ವರ್ಷದ ಹಿಂದಿನ ಆಗಸ್ಟಿನಲ್ಲಿ ಕಾವೇರಿ ಏರಿತು. ನಮ್ಮ ಕೇರಿ ಸತ್ತೇಗಾಲದ ಆಚೆ, ನದಿಗೆ ಅಂಟಿಕೊಂಡಂತೆ ಇದೆ. ನೀರು ಬರುವ ಮುಂಚೆ ಹೊಳೆ ದಂಡೆಯ ಮೋಟರುಗಳನ್ನು ಎತ್ತಿಸಬೇಕೆಂದು ಶಾಂತಮೂರ್ತಿಯನ್ನು ಕರೆಸಿದ್ದೆವು. ಅವನು ಏಳನೆಯ ಮೋಟರು ಎತ್ತುವಷ್ಟರಲ್ಲಿ ಹಿಂದೆ ರಸ್ತೆಯ ಮೇಲೆ ಎದೆಮಟ್ಟ ನೀರು. ಅಂದು ಅವನು ನಮ್ಮ ಮನೆಯಲ್ಲೇ ಉಳಿದ. ಮನೆಗಳಲ್ಲಿ ಕರೆಂಟು ಹೋಗಿ ಆಗಲೇ ನಾಲ್ಕು ದಿನ. ಟವರಿನ ಬ್ಯಾಟರಿಯೂ ಸತ್ತು ಯಾರ ಫೋನಿನಲ್ಲೂ ಒಂದು ಕಡ್ಡಿ ಇರಲಿಲ್ಲ.

ಮರುದಿನ ಬೆಳಗ್ಗೆ ಎಂಟು ಗಂಟೆಗೆ ಪ್ರೇಮಾ ಸೌದೆ ಎಳೆಯಲು ಕೊಟ್ಟಿಗೆಗೆ ಹೋದಳು. ನೀರಿಗೆ ಹೆದರಿ ಬಂದು ಸೌದೆಯ ಸಂದಿಯಲ್ಲಿ ಸುತ್ತಿಕೊಂಡಿದ್ದ ಕೊಳಕುಮಂಡಲ ಅವಳ ಅಂಗೈಗೆ ಕಚ್ಚಿತು. ನೋಡನೋಡುತ್ತಿದ್ದಂತೆ ಕೈ ಊದಿತು.

ಶಾಂತಮೂರ್ತಿ ಆಗಲೇ ಚೀಲ ಹೆಗಲಿಗೇರಿಸಿದ್ದ. “ಕುಮಾರಸ್ವಾಮಿ, ಟ್ರ್ಯಾಕ್ಟರ್ ಬ್ಯಾಟರಿ ಬಿಚ್ಚು. ಮೈಸೂರ್ನಾಗೆ ಯಾರಾದ್ರೂ ಸಿಕ್ತಾರೆ, ಅವ್ರು ಕೊಳ್ಳೇಗಾಲಕ್ಕೆ ಫೋನ್ ಮಾಡ್ತಾರೆ, ಬೋಟು ಬತ್ತದೆ. ಆಯಮ್ಮನ್ನ ಅಲುಗಾಡಿಸ್ಬ್ಯಾಡಿ. ಕಟ್ಟುಗಿಟ್ಟು ಕಟ್ಬ್ಯಾಡಿ.”

ಬ್ಯಾಟರಿ ಹೊತ್ತು ಅವನ ಹಿಂದೆ ಹೋದೆ. ಮನೆಯ ಮುಂದೆಯೇ ಒಳ್ಳೆ ಎತ್ತರದ ಬೇವಿನ ಮರ. ಅವನು ಮೇಲೆ ನೋಡಿದ, ತಲೆಯಾಡಿಸಿದ. ಮರದ ಪಕ್ಕದಲ್ಲೇ ಟ್ರಾನ್ಸ್‌ಫಾರ್ಮರಿಗೆ ಬರುವ ದೊಡ್ಡ ಲೈನು ಹಾದಿತ್ತು. ಲೈನು ಬೀದಿಯುದ್ದಕ್ಕೂ ಇತ್ತು. ನೀರಿನಿಂದ ಹೊರಗೆ ಉಳಿದ, ಲೈನೂ ಇಲ್ಲದ ನೆಲ ಇದ್ದದ್ದು ಒಂದೇ ಕಡೆ: ಕೇರಿಯ ಹಿಂದಿನ ದಿಬ್ಬ. ಅದು ನಮ್ಮ ಸ್ಮಶಾನ. ನಡುವೆ ಒಂದು ಹುಣಸೆ ಮರ.

“ಅಲ್ಲಿಗೇ ಓಯ್ತೀನಿ,” ಎಂದ.

ನಮ್ಮ ಕಡೆ ಒಂದು ಕಟ್ಟು ಇದೆ. ಮನೆಯಲ್ಲಿ ಒಬ್ಬರು ಸಾವು ಬದುಕಿನ ನಡುವೆ ಮಲಗಿದ್ದರೆ ಆ ಮನೆಯಿಂದ ಹೊರಟ ಯಾರೂ ಸ್ಮಶಾನದ ಮಣ್ಣು ತುಳಿಯಬಾರದು. ಜಾಗ ನೋಡಿಕೊಂಡು ಬಂದಂತೆ. ಆಮೇಲೆ ಆ ಜೀವ ಉಳಿಯುವುದಿಲ್ಲ ಎನ್ನುತ್ತಾರೆ. ನನ್ನ ತಾಯಿ ಚಿಕ್ಕನಿಂಗಮ್ಮ ಬಂದು ದಾರಿಗೆ ಅಡ್ಡ ಕೂತಳು.

“ಉಸುರು ಇರುವಾಗ್ಲೇ ನನ್ ಸೊಸೆಗೆ ಗುಂಡಿ ನೋಡಕ್ಕೆ ಓದ್ಯಾ? ನಮ್ಮನೆ ಅನ್ನ ಉಂಡು ನಮ್ಮನೇಗೇ ಮಣ್ ಆಕ್ತೀಯಾ?”

“ಯವ್ವ, ಇಲ್ಲಿ ಲೈನದೆ. ತಂತಿ ಜಾರುದ್ರೆ, ಗಾಳಿಗೆ ತೂಗುದ್ರೆ, ಇಡ್ಕಂಡೋರು ಉಳಿಯಲ್ಲ. ತಂತಿ ಎಷ್ಟುದ್ದ ಅದೋ ಅದ್ರ ಎರಡರಷ್ಟು ದೂರದೊಳ್ಗೆ ಲೈನಿರಬಾರ್ದು.”

“ನಾಕ್ ದಿನದಿಂದ ಬಲ್ಬು ಉರ್ದಿಲ್ಲ, ಅದ್ಯಾವ್ ಲೈನ್ಲಾ?” ಎಂದು ಸೇರಿದವರು ನಕ್ಕರು. “ಸತ್ತಿರೋ ಲೈನಿಗೆ ಎದರ್ತಾನೆ, ಮ್ಯಾಲ್ನೋಟದವ್ನು!”

ಇಲ್ಲಿ ನಮಗೆಲ್ಲ ಅದೇ ಲೆಕ್ಕ. ಮೋಟರಿಗೆ ತ್ರೀ ಫೇಸ್ ಬಂದರೆ ಕರೆಂಟು ಇದೆ, ಬಲ್ಬು ಆರಿದರೆ ಇಲ್ಲ. ಆ ಲೆಕ್ಕದ ಮೇಲೆ ತಂತಿಗೆ ಬಟ್ಟೆ ಒಣಹಾಕಿದವರಿದ್ದಾರೆ. ನಾನೂ ಅದನ್ನೇ ನಂಬಿದ್ದೆ. ಶಾಂತಮೂರ್ತಿ ಒಬ್ಬೊಬ್ಬರ ಮುಂದೆಯೂ ನಿಂತು ಹೇಳಿದ: ಮನೆಯ ಕರೆಂಟು ಬೇರೆ, ಮೇಲಿನ ಲೈನು ಬೇರೆ, ಲೈನ್‌ಮ್ಯಾನ್ ಬಾಯಲ್ಲಿ ಕೇಳುವ ತನಕ ಯಾವ ಲೈನೂ ಸತ್ತಿಲ್ಲ. ಯಾರೂ ಕೇಳಲಿಲ್ಲ. ಅವ್ವ ಅಲುಗಲಿಲ್ಲ. ಹೀಗೆ ಮುಕ್ಕಾಲು ಗಂಟೆ ಹೋಯಿತು. ಒಳಗಿನಿಂದ ಪ್ರೇಮಾ ನರಳುವುದು ಕೇಳುತ್ತಿತ್ತು.

ನನಗೆ ತಲೆಗೆ ಏರಿತು. ಅವನ ಹೆಗಲಿನಿಂದ ಚೀಲ ಕಿತ್ತುಕೊಂಡೆ. ತಂತಿ ಸುರುಳಿ ತೆಗೆದು, ಹಗ್ಗ ಗಿಗ್ಗ ಏನೂ ನೋಡದೆ, ತಂತಿಯ ತುದಿಗೇ ಒಂದು ಕಲ್ಲು ಕಟ್ಟಿ ಬೇವಿನ ಮರಕ್ಕೆ ಬೀಸಲು ಕೈ ಎತ್ತಿದೆ. ಅವನು ಹಾರಿ ಬಂದು ನನ್ನ ತೋಳಿಗೆ ಜೋತುಬಿದ್ದ.

“ಬ್ಯಾಡ ಕಣ್ಲಾ! ನನ್ನ ಸಾಯ್ಸು, ಇದ್ನ ಮಾತ್ರ ಎಸೀಬ್ಯಾಡ!”

ಬಾಯಿಗೆ ಗುದ್ದಿದೆ. ಮುಂದಿನ ಹಲ್ಲು ಮುರಿದು ಮಣ್ಣಿಗೆ ಬಿತ್ತು. ತೋಳು ಬಿಡಲಿಲ್ಲ. ಮತ್ತೆ ಗುದ್ದಿದೆ. ಆಗಲೂ ಬಿಡಲಿಲ್ಲ. ಜನ ಬಂದು ಎಳೆದು ಬೇರೆ ಮಾಡುವ ಹೊತ್ತಿಗೆ ತಂತಿ ಸಿಕ್ಕುಸಿಕ್ಕಾಗಿ ಹೆಣೆದುಕೊಂಡಿತ್ತು. ಅವನು ಅಲ್ಲೇ ಕುಕ್ಕರುಗಾಲಲ್ಲಿ ಕೂತು, ರಕ್ತ ಉಗುಳಿಕೊಂಡು, ಸಿಕ್ಕು ಬಿಡಿಸತೊಡಗಿದ. ಅದಕ್ಕೆ ಇನ್ನರ್ಧ ಗಂಟೆ.

ಕೊನೆಗೆ ದಾರಿ ಬಿಡಿಸಿದ್ದು ಪ್ರೇಮಾ. ಒಳಗಿನಿಂದಲೇ ಕೂಗಿ ಹೇಳಿದಳು. “ಅತ್ತೆ, ಎದ್ದೇಳಿ. ಆಯಣ್ಣ ಸುಡುಗಾಡ್ಗೇ ಓಗ್ಲಿ. ಅದ್ಕೆಲ್ಲ ನಾನ್ ಸಾಯಕಿಲ್ಲ.”

ಅವ್ವ ಎದ್ದಳು. ಆದರೆ ನಮ್ಮವರು ಯಾರೂ ಅವನ ಜೊತೆ ಹೋಗಲಿಲ್ಲ. ನಾನೂ ಹೋಗಲಿಲ್ಲ. ಬ್ಯಾಟರಿಯನ್ನು ಸ್ಮಶಾನದ ಕಳ್ಳಿ ಬೇಲಿಯ ತನಕ ಹೊತ್ತು ಅಲ್ಲಿ ಇಳಿಸಿದೆ. ಅಲ್ಲಿಂದ ಅವನೇ ತಲೆಯ ಮೇಲೆ ಹೊತ್ತುಕೊಂಡ. ಬೇಲಿಯ ಈಚೆ ನಿಂತು ನೋಡಿದೆ. ಮರದ ಸುತ್ತ ಒಂದು ಸುತ್ತು ನಡೆದ, ಮೇಲೆ ನೋಡುತ್ತ. ಒಣ ಕೊಂಬೆ ಬಿಟ್ಟು ಹಸಿ ಕವಲು ಆರಿಸಿದ. ಲೈನಿನ ದಿಕ್ಕಿಗೆ ಬೆನ್ನು ಹಾಕಿ ಕವಣೆ ಬೀಸಿದ. ತಂತಿಯ ನಡುಭಾಗ ಏರಿಸಿ, ಎರಡು ತುದಿಗಳನ್ನು ಹಗ್ಗದಲ್ಲಿ ಆಚೀಚೆ ಎಳೆದು, ಯಾರ ಕೈಗೂ ಎಟುಕದ ಎತ್ತರಕ್ಕೆ ಕಟ್ಟಿದ. ತನ್ನ ಕೆಂಪು ಟವಲು ಹರಿದು, ಯಾರೂ ಎಡವದಂತೆ, ಕೆಳಗಿನ ಹಗ್ಗಗಳಿಗೆ ಗಂಟು ಹಾಕಿದ. “ನಾ ಮಾತಾಡುವಾಗ ಯಾರೂ ತಂತಿ ಮುಟ್ಬ್ಯಾಡಿ, ಸುಡ್ತದೆ,” ಎಂದು ಕೂಗಿದ. ಮುಟ್ಟಲು ಅಲ್ಲಿ ಯಾರೂ ಇರಲಿಲ್ಲ. ಎಲ್ಲ ಸೇರಿ ಇಪ್ಪತ್ತು ನಿಮಿಷ.

ಮೈಸೂರಿನ ಒಬ್ಬ ಮೇಷ್ಟರು ಸಿಕ್ಕರು. ಮುರಿದ ಹಲ್ಲಿನ ಬಾಯಲ್ಲಿ ಶಾಂತಮೂರ್ತಿ ಊರಿನ ಹೆಸರನ್ನು ಮತ್ತೆ ಮತ್ತೆ ಬಿಡಿಸಿ ಹೇಳಿದ. ಬೋಟು ಹೊರಟಿತು ಎಂಬ ಉತ್ತರ ಬಂದದ್ದು ಹನ್ನೊಂದಕ್ಕೆ. ಅಷ್ಟರಲ್ಲಿ ದೂರದಲ್ಲಿ ಗುಡುಗು. ಕೂಡಲೇ ತಂತಿ ಇಳಿಸಿದ. ನಡುವಿನ ಹಗ್ಗ ಮಾತ್ರ ಕವಲಿಗೆ ಸಿಕ್ಕಿಕೊಂಡಿತು. ಅದನ್ನು ಬಿಟ್ಟು ಬಂದ.

ಬೋಟು ಹನ್ನೆರಡೂವರೆಗೆ ಬಂತು. ಕೊಳ್ಳೇಗಾಲದಲ್ಲಿ ಇಂಜೆಕ್ಷನ್ ಕೊಟ್ಟು ಮೈಸೂರಿಗೆ ಕಳಿಸಿದರು. ನರಸೀಪುರ ದಾಟುವ ಮೊದಲೇ ಪ್ರೇಮಾ ನನ್ನ ತೊಡೆಯ ಮೇಲೆ ಹೋದಳು. “ಒಂದು ಗಂಟೆ, ಒಂದೂವರೆ ಗಂಟೆ ಮುಂಚೆ ಸಿಕ್ಕಿದ್ದರೆ,” ಎಂದಿದ್ದರು ಡಾಕ್ಟರು.

ನೀರು ಇಳಿದ ಮೇಲೆ ಅವಳನ್ನು ಅದೇ ದಿಬ್ಬದಲ್ಲಿ ಮಣ್ಣು ಮಾಡಿದೆವು. ತಲೆಯ ಮೇಲೆ ಹುಣಸೆ ಮರ, ಮರದಲ್ಲಿ ಆ ಹಗ್ಗ. ಶಾಂತಮೂರ್ತಿ ಬಂದು ಬೇಲಿಯಾಚೆ ನಿಂತಿದ್ದ. “ಜಾಗ ನೋಡ್ಕಂಡ್ ಓಗಿದ್ನಲ್ಲ, ಸರ್ಯಾಗದಾ ಅಂತ ನೋಡಕ್ ಬಂದವ್ನೆ,” ಎಂದಳು ನನ್ನ ತಾಯಿ. ನಾಲ್ಕು ಜನ ಅವನನ್ನು ತಳ್ಳಿಕೊಂಡು ಹೋದರು. ನಾನು ತಡೆಯಲಿಲ್ಲ.

ಹನ್ನೊಂದನೆಯ ದಿನ ಲೈನ್‌ಮ್ಯಾನ್ ದೇವರಾಜು ಬಂದ. ಹೊಳೆಯ ಮೋಟರುಗಳು ಮುಳುಗುತ್ತವೆಂದು ತಾನೇ ಟ್ರಾನ್ಸ್‌ಫಾರ್ಮರಿನ ಫ್ಯೂಸು ಕಿತ್ತಿದ್ದೆ ಎಂದ. ಅದಕ್ಕೇ ಬಲ್ಬು ಉರಿದಿರಲಿಲ್ಲ.

“ಮ್ಯಾಲಿನ ಲೈನು?” ಎಂದು ಕೇಳಿದೆ.

“ಅದೆಲ್ಲಿ ಓಗಿತ್ತು? ಒಂದಿನಾನೂ ಓಗಿಲ್ಲ. ಆ ಬೇವಿನ ಮರಕ್ಕೆ ನೀ ತಂತಿ ಎಸ್ದಿದ್ರೆ ಕುಮಾರಣ್ಣ, ಎರಡು ಗುಂಡಿ ತೋಡ್ಬೇಕಾಗಿತ್ತು.”

ಇದನ್ನು ಕೇರಿಯಲ್ಲಿ ಹೇಳಿದೆ. ಸಮಯ ತಿಂದದ್ದು ಅವನಲ್ಲ, ನಾವು. ಅದರಲ್ಲೂ ನಾನು ಎಂದೆ. ಹೆಂಡತಿ ಹೋದವನು, ಏನೋ ಮಾತಾಡುತ್ತಾನೆ ಎಂದರು. ಈಗಲೂ ನಮ್ಮ ಕೇರಿಯ ಮೋಟರು ಸುಟ್ಟರೆ ದೂರದ ಹನೂರಿಗೆ ಹೊತ್ತೊಯ್ಯುತ್ತಾರೆ, ಕೊಳ್ಳೇಗಾಲದ ಆ ಅಂಗಡಿಗೆ ಕೊಡುವುದಿಲ್ಲ. ಸ್ಮಶಾನದಲ್ಲಿ ತಂತಿ ಕಟ್ಟಿ ಹೆಣ್ಣುಮಗಳನ್ನು ಕೊಂದವನು ಎಂಬ ಮಾತು ಯಳಂದೂರಿನ ತನಕ ಹೋಗಿದೆ. ಅದಕ್ಕೇ ಇದನ್ನು ಬರೆದಿದ್ದೇನೆ.

ಕಳೆದ ತಿಂಗಳು ಅವನ ಅಂಗಡಿಗೆ ಹೋಗಿದ್ದೆ. ಹಲ್ಲಿನ ಸಂದಿ ಹಾಗೇ ಇದೆ. ರೇಡಿಯೊ ಸೆಟ್ಟು ಅಟ್ಟದ ಮೇಲೆ ಬಟ್ಟೆ ಹೊದ್ದು ಕೂತಿದೆ. ಮುಟ್ಟುವುದಿಲ್ಲವಂತೆ.

“ತಪ್ಪಾಯ್ತು ಕಣ್ಲಾ,” ಎಂದೆ. ಮೂರು ವರ್ಷ ಬೇಕಾಯಿತು ನನಗೆ, ಇಷ್ಟು ಹೇಳಲು.

ಅವನು ಸುತ್ತುತ್ತಿದ್ದ ತಾಮ್ರದ ಕಾಯಿಲಿನಿಂದ ಕಣ್ಣೆತ್ತಲಿಲ್ಲ. “ಅಗ್ಗ ಇನ್ನೂ ಮರ್ದಲ್ಲೇ ಅದಾ?”

“ಅದೆ.”

“ಬಿಸ್ಲಿಗೆ ಲಡ್ಡಾಗಿರ್ತದೆ, ಬಾರ ತಡೆಯಲ್ಲ. ಐಕಳು ಯಾರಾದ್ರೂ ಜೋತಾಡಾರು. ಇಳಿಸ್ಬುಡು. ಮೊದ್ಲು ಮ್ಯಾಕೆ ನೋಡ್ಕೊ, ಕವಲು ಒಣಗದಾ ಅಂತ. ಕೆಳಗೆ ನಿಂತು ಎಳೀಬ್ಯಾಡ, ಪಕ್ಕಕ್ಕೆ ನಿಂತ್ಕೊ.”

ತಂತಿ ಸುತ್ತುತ್ತಲೇ ಇದ್ದ. ಕ್ಷಮಿಸಿದೆ ಎನ್ನಲಿಲ್ಲ.

ಮರುದಿನ ಒಬ್ಬನೇ ಕಳ್ಳಿ ಬೇಲಿ ದಾಟಿದೆ. ಮರದ ಸುತ್ತ ಒಂದು ಸುತ್ತು ನಡೆದೆ, ಮೇಲೆ ನೋಡುತ್ತ. ಕವಲು ಒಣಗಿತ್ತು. ಪ್ರೇಮಾಳ ಮಣ್ಣಿನಿಂದ ಪಕ್ಕಕ್ಕೆ ಸರಿದು ನಿಂತು ಎಳೆದೆ. ಹಗ್ಗದ ಜೊತೆ ಕೊಂಬೆಯೂ ಮುರಿದುಕೊಂಡು, ಪಕ್ಕಕ್ಕೆ ಸರಿಯದಿದ್ದರೆ ನಾನು ನಿಂತಿರುತ್ತಿದ್ದ ಜಾಗಕ್ಕೆ ಬಿತ್ತು.