ಎಳನೀರು ಗಾಡಿಯ ಹಿಂದೆ ಬಚ್ಚಿಟ್ಟುಕೊಂಡಿದ್ದು

ಹೊಳೆನರಸೀಪುರದಿಂದ ಅರಕಲಗೂಡಿನವರೆಗೆ ಹುಡುಕಿದರೂ ನನ್ನಷ್ಟು ಚೆನ್ನಾಗಿ ಬಚ್ಚಿಟ್ಟುಕೊಳ್ಳುವ ಗಂಡಸು ಇನ್ನೊಬ್ಬನಿಲ್ಲ. ಹಾಗಾಗಿ ಇಡೀ ಹಾಸನಕ್ಕೆ ಕಣ್ಣಾಮುಚ್ಚಾಲೆ ಆಟ ಏರ್ಪಡಿಸಿದಾಗ ಬಚ್ಚಿಟ್ಟುಕೊಳ್ಳುವ ಕೆಲಸವನ್ನೂ ನಾನೇ ವಹಿಸಿಕೊಂಡೆ. ನನ್ನನ್ನು ಕಂಡುಹಿಡಿದವರಿಗೆ ಮಿಕ್ಸಿ ಬಹುಮಾನ. 'ತಲೆ ಕೊಯ್ದರೂ ದಾಹ ತೀರಿಸುವವನ ನೆರಳಲ್ಲಿದ್ದೇನೆ' ಎಂಬ ಸುಳಿವನ್ನು ವಾಟ್ಸಾಪ್‌ನಲ್ಲಿ ಹರಿಬಿಟ್ಟು, ಮಿಕ್ಸಿ ಡಬ್ಬದ ಸಮೇತ ಬಸ್ ಸ್ಟ್ಯಾಂಡ್ ಹತ್ತಿರದ ಎಳನೀರು ಗಾಡಿಯ ಹಿಂದೆ ನೆರಳು ಕೇಳಿಕೊಂಡು ಕೂತೆ.

ಸಂಜೆಯಾದರೂ ಒಬ್ಬರೂ ಬರಲಿಲ್ಲ. ಸೊಂಟ ಹಿಡಿದುಕೊಂಡಿತ್ತು. ಸಿಕ್ಕಿಬೀಳುವ ತನಕ ಏಳಬಾರದೆಂದು ನಿಯಮ ಮಾಡಿದ ಮಹಾಶಯನೂ ನಾನೇ. ಸಾಕಾಗಿ, ಎಳನೀರು ಮಾರುತ್ತಿದ್ದ ಶಾಂತಿಗ್ರಾಮದ ಹೆಂಗಸನ್ನು ಕೇಳಿದೆ.

"ನನ್ನ ಹುಡುಕ್ಕೊಂಡು ಯಾರೂ ಬರಲಿಲ್ವೇನಮ್ಮಾ?"

"ಬೆಳಗ್ಗಿಂದ ಗುಂಪುಗುಂಪಾಗಿ ಬಂದ್ರು ಕಣಣ್ಣ. ಇಲ್ಲಿ ಯಾರೂ ಇಲ್ಲ ಅಂತ ಓಡ್ಸ್‌ಬುಟ್ಟೆ. ನೆರಳು ಕೇಳ್ಕಂಡು ಬಂದೋರ್ನ ಇಡ್ದು ಕೊಡಕಾಯ್ತದಾ?"

ನನ್ನನ್ನು ಮೊದಲು ಕಂಡವಳು ಅವಳೇ ತಾನೆ ಎಂದು ಮಿಕ್ಸಿಯನ್ನು ಅವಳ ಮುಂದಿಟ್ಟೆ. ಡಬ್ಬವನ್ನು ಹಿಂದಕ್ಕೆ ತಳ್ಳಿದಳು.

"ಎಷ್ಟೇ ಜಗಳ ಆಗ್ಲಿ, ಮಿಕ್ಸಿ ಎತ್ಕಂಡು ಮನೆ ಬುಟ್ಟು ಬರೋದಾ? ಓಗಿ, ಇದ್ನ ಅತ್ತಿಗೆ ಕೈಗೆ ಕೊಟ್ಟು ರಾಜಿ ಮಾಡ್ಕಳಿ."

ವಾದಿಸಲು ತ್ರಾಣವಿರಲಿಲ್ಲ. ಮನೆಗೆ ಹೋಗಿ ಹೆಂಡತಿಯ ಕೈಗೆ ಕೊಟ್ಟೆ.

"ಕೇಳದೇನೆ ಮಿಕ್ಸಿ ತಂದಿದ್ದೀರಲ್ಲ, ಎಲ್ಲಿ ಏನು ಮಾಡ್ಕೊಂಡು ಬಂದ್ರಿ?" ಎಂದಳು.

ಇಡೀ ಹಾಸನದ ಕೈಗೆ ಸಿಗದವನು ಬಾಗಿಲಲ್ಲೇ ಸಿಕ್ಕಿಬಿದ್ದೆ.