ಮೊದಲ ಕಾರ್ಡು ಮಠಕ್ಕೆ

ನಮ್ಮ ಮನೆಯಲ್ಲಿ ಯಾವ ಕಾರ್ಡು ಅಚ್ಚಾದರೂ ಮೊದಲನೆಯದು ಮಠಕ್ಕೆ ಹೋಗಬೇಕು, ಮದುವೆಯದಾಗಲಿ, ಗೃಹಪ್ರವೇಶದ್ದಾಗಲಿ. ಹಣ್ಣಿನ ತಟ್ಟೆಯ ಜೊತೆ ಅದನ್ನು ಸ್ವಾಮೀಜಿಯವರ, ಅಂದರೆ ನಮ್ಮ ಬುದ್ಧಿಯವರ, ಪಾದದ ಬಳಿ ಇಟ್ಟು ಬರುವುದು ಅಪ್ಪನ ಕೆಲಸ. ಅಪ್ಪ ಮಠದ ಹಾಸ್ಟೆಲಿನ ವಾರ್ಡನ್. ವಿಜಯನಗರ ಬಡಾವಣೆಯಲ್ಲಿ ನಾವಿದ್ದ ಮನೆಯೂ ಮಠದ್ದೇ. ನನ್ನ ನಾಟಕದ ಕಾರ್ಡನ್ನೂ ಅವರು ಹಾಗೆಯೇ ಕೊಟ್ಟು ಬಂದಿದ್ದರು.

“ಬುದ್ಧಿಯೋರೇ ಬರ್ತಾರಂತೆ ಕಣಮ್ಮ! ಮುಂದಿನ ಸಾಲಲ್ಲಿ ಜಾಗ ಇಡ್ಸ್‌ಬುಡು,” ಎಂದರು.

ಬೀದಿಯಲ್ಲಿ ಹೋಗುವ ಮಾರಿಯನ್ನು ಮನೆಗೆ ಕರೆದಂತಾಯಿತು. ನಾನು ಅಪ್ಪನಿಗೆ ಹೇಳಿದ್ದು ‘ಯಾವುದೋ ರಾಜನ ಕಥೆ’ ಎಂದಷ್ಟೇ. ನಾಟಕದಲ್ಲಿ ರಾಜ ಸತ್ತಿದ್ದಾನೆ, ಪಟ್ಟ ಯಾರಿಗೆಂದು ರಾಜಗುರು ತೀರ್ಮಾನಿಸುತ್ತಾನೆ. ಮಂತ್ರಿಗಳೆಲ್ಲ ಅವನಿಗೆ ಅಡ್ಡಬೀಳುತ್ತಾರೆ, ವಿಧವೆ ರಾಣಿ ಮಾತ್ರ ಬಾಗದೆ ನಿಲ್ಲುತ್ತಾಳೆ. ಆ ರಾಣಿ ನಾನು. ಚುನಾವಣೆ ಬಂದರೆ ಟಿಕೆಟ್ ಬೇಕಾದವರು ಯಾರ ಬಾಗಿಲಲ್ಲಿ ಕಾಯುತ್ತಾರೆಂದು ಊರಿಗೇ ಗೊತ್ತು. ಇದು ಯಾವ ಕಾಲದ ಕಥೆ ಎಂದು ಯಾರಿಗೂ ಬಿಡಿಸಿ ಹೇಳಬೇಕಿರಲಿಲ್ಲ.

ಬಾಗದೆ ನಿಲ್ಲುವುದೇ ನನಗೆ ಬರುತ್ತಿರಲಿಲ್ಲ. ಕೃಷ್ಣಮೂರ್ತಿಪುರಂನ ತಾಲೀಮಿನಲ್ಲಿ ರಾಜಗುರುವಿನ ಪಾತ್ರದವನು ಕಾವಿ ಉಟ್ಟು ಎದುರಿಗೆ ಬಂದರೆ ಸಾಕು, ನನ್ನ ಸೊಂಟ ತಾನಾಗಿ ಬಗ್ಗುತ್ತಿತ್ತು. “ಬ್ಯಾಂಕಲ್ಲಿರೋನು ಕಣಮ್ಮ ಅವ್ನು! ನೀನೇ ಬಗ್ಬುಟ್ರೆ ನಾಟ್ಕ ಎಂಗೆ ಮುಗ್ಸೋದು?” ಎಂದು ನಿರ್ದೇಶಕರು ರೇಗಿಸುತ್ತಿದ್ದರು.

ಪ್ರದರ್ಶನಕ್ಕೆ ಬುದ್ಧಿಯವರು ಬಂದೇ ಬಂದರು. ಅವರ ಕುರ್ಚಿಗೆ ರೇಷ್ಮೆ ವಸ್ತ್ರ ಹಾಸಿದವರು ಅಪ್ಪ. ನಾಟಕ ಮುಗಿಯುವವರೆಗೂ ಪಕ್ಕದಲ್ಲಿ ಕೈಕಟ್ಟಿ ನಿಂತವರೂ ಅಪ್ಪನೇ. ಆ ದೃಶ್ಯ ಬಂದಾಗ ನನಗೆ ರಾಜಗುರು ಕಾಣಲಿಲ್ಲ, ಅಪ್ಪನ ಮುಖವೊಂದೇ ಕಂಡಿತು. ಅಪ್ಪನ ಕೆಲಸ ಹೋಗುತ್ತದೆ, ಮನೆ ಹೋಗುತ್ತದೆ. ಬಾಗಿಬಿಡಲೇ? ಬಾಗಬೇಕೆಂದರೂ ಆಗಲಿಲ್ಲ, ಹೆದರಿಕೆಗೆ ಮೈಯೆಲ್ಲ ಮರಗಟ್ಟಿತ್ತು. ಜನ ಅದನ್ನು ರಾಣಿಯ ಧೈರ್ಯವೆಂದು ತಿಳಿದು ಚಪ್ಪಾಳೆ ತಟ್ಟಿದರು.

ನಾಟಕ ಮುಗಿದ ಮೇಲೆ ನಟರೆಲ್ಲ ಸಾಲಾಗಿ ಬುದ್ಧಿಯವರ ಪಾದ ಮುಟ್ಟಿದರು. ಬಣ್ಣ ಕೂಡ ಒರೆಸದೆ ನಾನೂ ಹೋದೆ. ಇನ್ನೇನು ಬಗ್ಗಬೇಕು, ಅವರು ಅಂಗೈ ಎತ್ತಿ ತಡೆದರು.

“ಬೇಡ ತಾಯಿ. ನೀವು ನಿಂತೇ ಇರಿ,” ಎಂದರು, ನಗುನಗುತ್ತಲೇ.

ಅಷ್ಟು ಮೆತ್ತಗಿನ ಮಾತಿಗೆ ನಾನು ಎಂದೂ ಅಷ್ಟು ಹೆದರಿದವಳಲ್ಲ. ಅಪ್ಪ ನನ್ನ ಕಡೆ ನೋಡಲಿಲ್ಲ. ಅಷ್ಟೂ ಜನರ ಎದುರಿಗೆ ನೆಲಕ್ಕೆ ಹಣೆ ಹಚ್ಚಿ, ನನ್ನ ಪಾಲಿನದನ್ನೂ ಸೇರಿಸಿ ಅಡ್ಡಬಿದ್ದರು. ಬುದ್ಧಿಯವರು ಏಳಿ ಎನ್ನದೆ ಏಳುವಂತಿಲ್ಲ. ಅವರು ಬೇಗ ಹೇಳಲಿಲ್ಲ.