ಮೆಟ್ಟಿಲ ಮೇಲೆ ಬಿಟ್ಟುಬಂದ ಪೆಟ್ಟಿಗೆ

1997ರ ಜನವರಿ. ನಾನಾಗ ಪರದೇಶದಲ್ಲಿ, ವುಡ್‌ಬ್ರಿಡ್ಜ್ ಎಂಬ ಊರಿನ ಒಂದು ಹೀಟಿಂಗ್ ಕಂಪನಿಯಲ್ಲಿ ಗ್ಯಾಸ್ ಟೆಕ್ನಿಷಿಯನ್. ಮನೆಗಳ ಬೇಸ್‌ಮೆಂಟಿಗೆ, ನೆಲಮಾಳಿಗೆಗೆ, ಇಳಿದು ಫರ್ನೇಸ್, ಎಂದರೆ ಮನೆಯನ್ನೆಲ್ಲ ಬೆಚ್ಚಗಿಡುವ ಗ್ಯಾಸ್ ಒಲೆ, ರಿಪೇರಿ ಮಾಡುವುದು ನನ್ನ ಕೆಲಸ. ಹನ್ನೊಂದು ವರ್ಷದ ಅನುಭವವಿತ್ತು. ಆದರೆ ಈ ಕೇಸಿಗೆ ನನ್ನನ್ನು ಕಳಿಸಿದ್ದು ಕಂಪನಿಯಲ್ಲ, ನನ್ನ ಹೆಂಡತಿ ಫಿಲೋಮಿನಾ. ಅವಳು ತೀರಿಕೊಂಡು ಈಗ ಏಳು ತಿಂಗಳಾಯಿತು.

ಫಿಲೋಮಿನಾ ನಮ್ಮ ಚರ್ಚಿನಲ್ಲಿ ಸಂತ ವಿನ್ಸೆಂಟ್ ಡಿ ಪಾಲರ ಹೆಸರಿನ ಗುಂಪಿನಲ್ಲಿದ್ದಳು. ಕಷ್ಟದಲ್ಲಿರುವವರು ಯಾವ ಧರ್ಮದವರಾದರೂ ಶನಿವಾರ ಅವರ ಮನೆಗೆ ದಿನಸಿ ಪೆಟ್ಟಿಗೆ ಒಯ್ಯುತ್ತಿದ್ದರು. ಸಂತರು ನಾನೂರು ವರ್ಷದ ಹಿಂದಿನ ಫ್ರಾನ್ಸಿನವರು, ರೈತನ ಮಗ. ಒಂದು ಮನೆಯವರೆಲ್ಲ ಕಾಯಿಲೆ ಬಿದ್ದಿದ್ದಾರೆಂದು ಅವರು ಚರ್ಚಿನ ಪೂಜೆಯಲ್ಲಿ ಹೇಳಿದರಂತೆ. ಸಂಜೆಯೊಳಗೆ ಊರಿಗೆ ಊರೇ ಊಟ ತಂದು ಸುರಿಯಿತಂತೆ. ಇಷ್ಟು ಅನ್ನ ಇಂದು ಕೊಳೆಯುತ್ತದೆ, ನಾಳೆ ಯಾರೂ ಬರುವುದಿಲ್ಲ ಎಂದು ಅವರಿಗೆ ಹೊಳೆಯಿತು. ಸರದಿ ಹಾಕಿದರು. ಸರದಿಯವರು ರೋಗಿಯ ಪಕ್ಕ ಕೂತು, ಮಾತಾಡಿಸಿ, ಉಣ್ಣಿಸಿ ಬರಬೇಕು. ಫಿಲೋಮಿನಾಳ ಗುಂಪಿಗೂ ಅದೇ ನಿಯಮ: ಪೆಟ್ಟಿಗೆಯನ್ನು ಬಾಗಿಲಲ್ಲಿ ಬಿಟ್ಟು ಬರುವಂತಿಲ್ಲ.

ಆ ಶನಿವಾರ ಅವಳಿಗೆ ಜ್ವರ. ಜೊತೆಗೆ ಹೋಗುವವರೂ ಊರಲ್ಲಿರಲಿಲ್ಲ. "ರೀ, ಒಂದೇ ಮನೆ. ಒಳಗೆ ಹೋಗಿ ಕೂತು ಬನ್ನಿ" ಎಂದು ಚೀಟಿ ಕೊಟ್ಟಳು.

ಚೀಟಿಯಲ್ಲಿದ್ದ ಹೆಸರು ಸತ್ಯನಾರಾಯಣ ರಾಯರದು. ಮೈಸೂರಿನ ಎಂಜಿನಿಯರ್. ಕನ್ನಡದವರು ಸೇರಿದಲ್ಲೆಲ್ಲ ಇಸ್ತ್ರಿ ಮಾಡಿದ ಕೋಟಿನಲ್ಲಿ ಮುಂದಿನ ಸಾಲು. "ಏನ್ರೀ ಫರ್ನೇಸ್ ಡಾಕ್ಟ್ರೇ, ನಮ್ಮನೆಗೂ ಬಂದು ನಾಡಿ ಹಿಡೀರಿ" ಎಂದು ನನ್ನನ್ನು ಎಲ್ಲರೆದುರು ರೇಗಿಸುತ್ತಿದ್ದರು. ಅವರ ಕೆಲಸ ಹೋದದ್ದು, ಒಬ್ಬರೇ ಯಾರದೋ ಮನೆಯ ಬೇಸ್‌ಮೆಂಟಿಗೆ ಬಾಡಿಗೆಗೆ ಬಂದದ್ದು ಆ ಚೀಟಿ ನೋಡುವವರೆಗೆ ನನಗೆ ಗೊತ್ತಿರಲಿಲ್ಲ. ಅಕ್ಕಿ ಪೆಟ್ಟಿಗೆ ಹೊತ್ತು ನಾನೇ ಎದುರು ನಿಂತರೆ ಅವರ ಮುಖ ಏನಾಗಬೇಕು?

ಸೈಡ್ ಡೋರಿನ ಮೆಟ್ಟಿಲ ಮೇಲೆ ಪೆಟ್ಟಿಗೆ ಇಟ್ಟೆ. ಬೆಲ್ ಒತ್ತಿದೆ. ಬೇಗಬೇಗ ಹೊರಟುಬಂದೆ.

ಮನೆಯಲ್ಲಿ ಫಿಲೋಮಿನಾ ಕೇಳಿದಳು, "ಕೂತ್ರಾ?"

"ಹೂಂ. ಕಾಫಿ ಕೊಟ್ರು."

"ಮನೆ ಬೆಚ್ಚಗಿತ್ತಾ ಪಾಪ? ಓನರ್ಸ್ ಫ್ಲಾರಿಡಾಗೆ ಹೋಗಿದಾರಂತೆ."

"ಬೆಚ್ಚಗೇನು, ಬೇಸ್‌ಮೆಂಟ್ ಕಿಟಕಿಯೆಲ್ಲ ಒಳಗಿಂದ ಬೆವೆತು ನೀರು ಇಳೀತಿತ್ತು."

ಹೇಳಿದ ಮೇಲೆ ನನ್ನ ಮಾತು ನನಗೇ ಕೇಳಿಸಿತು. ಸೊನ್ನೆಗಿಂತ ಹದಿನೈದು ಡಿಗ್ರಿ ಕೆಳಗಿನ ಚಳಿ. ಬೀದಿಯ ಎಲ್ಲ ಚಿಮಣಿಗಳಿಂದ ಬಿಳಿ ಹಬೆ ಏಳುತ್ತಿತ್ತು. ಆ ಮನೆಯದರಿಂದ ಮಾತ್ರ ಏನೂ ಇಲ್ಲ. ಇದನ್ನೂ ನನ್ನ ಕಣ್ಣು ನೋಡಿತ್ತು. ಚಿಮಣಿ ಕಟ್ಟಿಕೊಂಡರೆ ಉರಿದ ಗ್ಯಾಸ್ ಮನೆಯೊಳಗೇ ತಿರುಗುತ್ತದೆ. ಅದರ ನೀರಾವಿ ಕಿಟಕಿಗೆ ಹತ್ತುತ್ತದೆ. ಅದರಲ್ಲಿರುವ ಕಾರ್ಬನ್ ಮೊನಾಕ್ಸೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ. ತಲೆನೋವು, ನಿದ್ದೆ, ಆಮೇಲೆ ಏಳುವುದಿಲ್ಲ.

"911ಗೆ ಫೋನ್ ಮಾಡು, ಆಂಬುಲೆನ್ಸ್ ಬರಲಿ" ಎಂದೆ. ಮಾಡಿದಳು. ಜ್ವರದಲ್ಲೇ ನೈಟಿಯ ಮೇಲೆ ಕೋಟು ಹಾಕಿಕೊಂಡು ನನಗಿಂತ ಮೊದಲು ಕಾರಿನಲ್ಲಿ ಕೂತಳು.

ಪೆಟ್ಟಿಗೆ ಇಟ್ಟಲ್ಲೇ ಇತ್ತು. ಮೇಲೆ ಎರಡು ಬೆರಳು ಹಿಮ. ಫಿಲೋಮಿನಾ ಅದನ್ನು ನೋಡಿದಳು. ನನ್ನನ್ನು ನೋಡಲಿಲ್ಲ. ಅದನ್ನು ದಾಟಿ ಬಾಗಿಲು ಬಡಿದಳು.

ಚಿಲಕ ಒದ್ದು ಮುರಿದೆ. ರಾಯರು ಒಳಗೆ, ಬೇಸ್‌ಮೆಂಟಿಗಿಳಿಯುವ ಮೆಟ್ಟಿಲ ಬುಡದಲ್ಲಿ ಬಿದ್ದಿದ್ದರು, ಬಾಗಿಲ ಕಡೆಗೆ ತಲೆ. ನಾವಿಬ್ಬರೂ ಅವರನ್ನು ಎಳೆದು ಹಿಮದ ಮೇಲೆ ಮಲಗಿಸುವಷ್ಟರಲ್ಲಿ ಸೈರನ್ ಕೇಳಿಸಿತು. ಹಳೆಯ ಚಿಮಣಿಯೊಳಗೆ ಇಟ್ಟಿಗೆ ಕುಸಿದಿತ್ತೆಂದು ಆಮೇಲೆ ತಿಳಿಯಿತು.

ಬದುಕಿದರು. ಮೂರನೆಯ ದಿನ ಆಸ್ಪತ್ರೆಯಲ್ಲಿ ನನ್ನ ಕೈ ಹಿಡಿದುಕೊಂಡು ಹೇಳಿದರು: "ಯಾರೋ ಬೆಲ್ ಮಾಡಿದ್ರು ಡಾಕ್ಟ್ರೇ. ತೆವಳ್ಕೊಂಡು ಬರ್ತಿದ್ದೆ. ಬೂಟಿನ ಸದ್ದು ದೂರ ಹೋಗ್ಬಿಡ್ತು. ಆಮೇಲೆ ದೇವರ ಹಾಗೆ ನೀವು ಬಂದ್ರಿ. ಅದು ಯಾರಿರಬಹುದು?"

"ಗೊತ್ತಿಲ್ಲ" ಎಂದೆ.

ಫಿಲೋಮಿನಾ ಪಕ್ಕದಲ್ಲೇ ಇದ್ದಳು, ಕಿತ್ತಳೆ ಸುಲಿಯುತ್ತ. ಅಲ್ಲಿ ಏನೂ ಹೇಳಲಿಲ್ಲ, ಕಾರಿನಲ್ಲೂ ಹೇಳಲಿಲ್ಲ. ಮುಂದಿನ ಹತ್ತು ವರ್ಷ, ತೀರಿಕೊಳ್ಳುವವರೆಗೂ ಹೇಳಲಿಲ್ಲ. ಮುಂದಿನ ಶನಿವಾರದಿಂದ ಮಾತ್ರ ನನ್ನನ್ನೂ ಕರೆದೊಯ್ದಳು. ಪೆಟ್ಟಿಗೆ ನನ್ನ ಕೈಗೇ ಕೊಟ್ಟು, ನಾನು ಒಳಗೆ ಹೋಗುವವರೆಗೆ ಹಿಂದೆ ನಿಂತಿರುತ್ತಿದ್ದಳು.

ನಿವೃತ್ತಿಯವರೆಗೂ ಯಾವ ಮನೆಗೆ ಹೋದರೂ ಮೊದಲು ಮನೆಯವರ ಮುಖ ನೋಡುತ್ತಿದ್ದೆ, ಆಮೇಲೆ ಫರ್ನೇಸ್. ಕೆಲಸ ಕಲಿಸಿದ್ದು ಇಷ್ಟೇ. ರಾಯರ ಮಾನ ಉಳಿಸುತ್ತಿದ್ದೇನೆಂದು ಅಂದುಕೊಂಡಿದ್ದೆ. ಉಳಿಸಿಕೊಂಡದ್ದು ನನ್ನ ಸಂಕೋಚವನ್ನು.

ಫಿಲೋಮಿನಾಳ ಮಣ್ಣಿಗೆ ರಾಯರು ಬಂದಿದ್ದರು. ಅದೇ ಇಸ್ತ್ರಿ ಮಾಡಿದ ಕೋಟು. "ಅವತ್ತು ನನ್ನ ಜೀವ ಉಳಿಸಿದವರು" ಎಂದು ಅತ್ತರು. ಆ ಬೂಟು ನನ್ನದು ಎಂದು ಅಲ್ಲಿ, ನಿಂತಲ್ಲೇ ಹೇಳಲಾಗಲಿಲ್ಲ. ಈ ಶನಿವಾರ ಅವರ ಮನೆಗೆ ಹೋಗುತ್ತೇನೆ. ಒಳಗೆ ಹೋಗಿ ಕೂತು ಹೇಳುತ್ತೇನೆ. ಹಿಂದೆ ನಿಲ್ಲುವವರು ಈಗ ಯಾರೂ ಇಲ್ಲ.